ಉಣ್ಣೆ ಕಳಚುವ ಕುರಿ: ಚಿಕ್ಕ ಹಿಂಡಿಗೊಪ್ಪುವ ತಳಿಯ ಆಯ್ಕೆಯ ಇತಿಹಾಸ

೧

ಕುರಿ ಎಂದೊಡನೆ ಉಣ್ಣೆಯ ನೆನಪಾಗುವುದು ಸಹಜ. ಆದರೆ ಉಣ್ಣೆ ಕುರಿಯ ಹುಟ್ಟುಗುಣವಲ್ಲ. ಮನುಷ್ಯನು ಸಹಸ್ರಾರು ವರ್ಷಗಳ ಆಯ್ಕೆಯಿಂದ ಅದರ ಮೈಮೇಲೆ ಬೆಳೆಯಿಸಿದ ಬೆಳೆ ಅದು. ಕಾಡುಕುರಿಯು ಚಳಿಗಾಲಕ್ಕೆ ಮೈತುಂಬ ತುಪ್ಪಳವನ್ನು ತಳೆದು, ವಸಂತದಲ್ಲಿ ತಾನಾಗಿಯೇ ಅದನ್ನು ಕಳಚಿಹಾಕುತ್ತದೆ. ಮನುಷ್ಯನಿಗೆ ನೂಲು ಬೇಕಾಯಿತು. ನೂಲಿಗೆ ಬೆಲೆ ಬಂದಿತು. ಕಳಚಿಕೊಳ್ಳದ ಉಣ್ಣೆಯುಳ್ಳ ಕುರಿ ಶ್ರೇಷ್ಠವೆನಿಸಿತು. ಈಗ ಹಲವು ದೇಶಗಳಲ್ಲಿ ಆ ಬೆಲೆಯೇ ಕುಸಿದಿರುವುದರಿಂದ, ಹತ್ತಿಪ್ಪತ್ತು ಕುರಿಗಳ ಚಿಕ್ಕ ಹಿಂಡನ್ನು ಸಾಕುವವನು ಮತ್ತೆ ತಾನಾಗಿ ಉಣ್ಣೆ ಉದುರಿಸುವ ಕುರಿಯನ್ನು ಅರಸತೊಡಗಿದ್ದಾನೆ.

ಇದಕ್ಕೆ ಕಾರಣ ಸರಳವಾದ ಲೆಕ್ಕ. ಸಾವಿರ ಕುರಿಗಳ ಒಡೆಯನ ಬಳಿಗೆ ಉಣ್ಣೆ ಕತ್ತರಿಸುವವರು ತಂಡವಾಗಿ ಬರುತ್ತಾರೆ. ಹನ್ನೆರಡು ಕುರಿಗಳವನ ಬಳಿಗೆ ಕರೆದರೂ ಬರುವುದು ಕಷ್ಟ. ಕತ್ತರಿಸದೆ ಬಿಟ್ಟರೆ ಬೇಸಗೆಯ ತಾಪ ಕುರಿಯನ್ನು ಬಳಲಿಸುತ್ತದೆ. ಸೆಗಣಿ, ಮೂತ್ರಗಳಿಂದ ತೊಯ್ದ ಹಿಂಭಾಗದ ಉಣ್ಣೆಯಲ್ಲಿ ನೊಣ ಮೊಟ್ಟೆಯಿಟ್ಟು ಹುಳು ಬಿದ್ದು ಜೀವಕ್ಕೇ ಸಂಚಕಾರ ಬರುತ್ತದೆ. ಬ್ರಿಟನ್ನಿನಲ್ಲಿ ೨೦೨೦ರ ವೇಳೆಗೆ ಕತ್ತರಿಸುವ ಕೂಲಿಗಿಂತ ಉಣ್ಣೆಯ ಬೆಲೆ ಕಡಿಮೆಯಾಗಿ, ಕೆಲವು ರೈತರು ಉಣ್ಣೆಯನ್ನು ಗೊಬ್ಬರದ ಗುಂಡಿಗೆ ಹಾಕಿದರು, ಕೆಲವರು ಸುಟ್ಟರು. ಇಂಥ ಸ್ಥಿತಿಯಲ್ಲಿ 'ಕಡಿಮೆ ಆರೈಕೆಯ ಕುರಿ' ಎಂಬ ಮಾತು ಆಕರ್ಷಕವಾಗಿ ಕೇಳಿಸುವುದು ಸಹಜವೇ. ಆದರೆ ಆರೈಕೆಯ ಹೆಚ್ಚು ಕಡಿಮೆ ಕುರಿಯೊಂದರಲ್ಲಿಯೇ ಅಡಗಿದ ಗುಣವಲ್ಲ. ನೆಲ, ಹವೆ, ಕೂಲಿ, ಮಾರುಕಟ್ಟೆ ಇವುಗಳ ನಡುವಣ ಸಂಬಂಧದಿಂದ ಅದು ನಿರ್ಧಾರವಾಗುತ್ತದೆ. ಇಂಥ ತಳಿಗಳ ಇತಿಹಾಸವನ್ನು ಪರಿಶೀಲಿಸಿದರೆ ಈ ಸಂಗತಿ ಸ್ಪಷ್ಟವಾಗುತ್ತದೆ. ದಖ್ಖನ್ ಪ್ರಸ್ಥಭೂಮಿಯ ಕುರಿಗಾರನ ಮುಂದಿರುವ ಪ್ರಶ್ನೆಗೂ ಅದರಿಂದ ಬೆಳಕು ದೊರೆಯುತ್ತದೆ.

೨

ಕುರಿಯು ಮನುಷ್ಯನಿಗೆ ಒಗ್ಗಿದ್ದು ಇಂದಿಗೆ ಸುಮಾರು ಹತ್ತು ಹನ್ನೊಂದು ಸಾವಿರ ವರ್ಷಗಳ ಹಿಂದೆ, ಪಶ್ಚಿಮ ಏಷ್ಯದ ಬೆಟ್ಟದ ಸೀಮೆಗಳಲ್ಲಿ. ಆಗ ಅದನ್ನು ಸಾಕಿದ್ದು ಮುಖ್ಯವಾಗಿ ಮಾಂಸಕ್ಕಾಗಿ. ಅದರ ಮೈಮೇಲೆ ಎರಡು ಪದರಗಳಿದ್ದುವು: ಹೊರಗೆ ಒರಟಾದ ಕೂದಲು, ಒಳಗೆ ಸಣ್ಣನೆಯ ತುಪ್ಪಳ. ಈ ಒಳಪದರವೇ ಬೆಳೆದು, ಹೊರಪದರವು ಹಿಂಜರಿದು, ವರ್ಷಕ್ಕೊಮ್ಮೆ ಉದುರುವ ಸ್ವಭಾವ ಅಳಿದು ಈಗಿನ ಉಣ್ಣೆ ಉಂಟಾಗುವುದಕ್ಕೆ ಹಲವು ಸಾವಿರ ವರ್ಷಗಳೇ ಹಿಡಿದುವು. ಉಣ್ಣೆಯ ತಳಿಗಳಲ್ಲಿ ಒಂದು ವಂಶವಾಹಿಯ ಅಂಚಿನಲ್ಲಿ ಹೊಸ ತುಣುಕೊಂದು ಸೇರಿಕೊಂಡಿದೆಯೆಂದೂ, ಕೂದಲ ಕುರಿಯಲ್ಲಿರುವುದೇ ಅದರ ಹಳೆಯ ರೂಪವೆಂದೂ ೨೦೧೭ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿಕೊಟ್ಟಿತು. ಎಂದರೆ, ಈ ಪ್ರಾಣಿಯ ಚರಿತ್ರೆಯಲ್ಲಿ ಉಣ್ಣೆಯ ಕುರಿಯೇ ಹೊಸತು.

ಕತ್ತರಿ ಬರುವುದಕ್ಕೆ ಮೊದಲು ಉಣ್ಣೆಯನ್ನು ಕೈಯಿಂದ ಕೀಳುತ್ತಿದ್ದರು. ಉದುರುವ ಕಾಲಕ್ಕೆ ಸರಿಯಾಗಿ ಹಿಡಿದೆಳೆದರೆ ಅದು ಸಲೀಸಾಗಿ ಬಿಟ್ಟುಬರುತ್ತಿತ್ತು. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ರೋಮನ್ ವಿದ್ವಾಂಸ ವ್ಯಾರೊ ತನ್ನ ಕೃಷಿಗ್ರಂಥದಲ್ಲಿ ಇದನ್ನು ಭಾಷೆಯ ಸಾಕ್ಷ್ಯದಿಂದಲೇ ಸಾಧಿಸುತ್ತಾನೆ. ಲ್ಯಾಟಿನ್ನಿನಲ್ಲಿ ಉಣ್ಣೆಯ ಮುದ್ದೆಗಿರುವ ಹೆಸರು 'ಕೀಳು' ಎಂಬ ಧಾತುವಿನಿಂದ ಬಂದದ್ದರಿಂದ, ಕತ್ತರಿಸುವುದಕ್ಕಿಂತ ಕೀಳುವುದೇ ಹಳೆಯದೆಂದು ಅವನ ತರ್ಕ. ತನ್ನ ಕಾಲದಲ್ಲಿಯೂ ಕೆಲವರು ಉಣ್ಣೆಯನ್ನು ಕೀಳುತ್ತಿದ್ದರೆಂದೂ, ಅದಕ್ಕೆ ಮುನ್ನ ಕುರಿಗಳನ್ನು ಮೂರು ದಿನ ಉಪವಾಸ ಕೆಡವುತ್ತಿದ್ದರೆಂದೂ ಅವನು ಹೇಳುತ್ತಾನೆ. ಭಾರತದಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವು ಗೋಧ್ಯಕ್ಷನ ಕರ್ತವ್ಯಗಳನ್ನು ವಿಧಿಸುವಾಗ, ಆಡು ಕುರಿಗಳ ಉಣ್ಣೆಯನ್ನು ಆರು ತಿಂಗಳಿಗೊಮ್ಮೆ ತೆಗೆಸಬೇಕೆಂದು ಹೇಳುತ್ತದೆ. ದಖ್ಖನಿನ ಕುರಿಗಾರರಲ್ಲಿ ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುವ ವಾಡಿಕೆಯು ಈ ವಿಧಿಗೆ ಹೊಂದಿಕೊಳ್ಳುತ್ತದೆ.

ಹಳೆಯ ಸ್ವಭಾವವು ಎಲ್ಲೆಡೆಯೂ ಅಳಿಯಲಿಲ್ಲ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಸಾಗರಮಧ್ಯದಲ್ಲಿರುವ ಸೇಂಟ್ ಕಿಲ್ಡ ದ್ವೀಪಸ್ತೋಮದ ಸೋಯ್ ಎಂಬ ಪುಟ್ಟ ಕುರಿಯು ಇಂದಿಗೂ ವರ್ಷಕ್ಕೊಮ್ಮೆ ಉಣ್ಣೆ ಉದುರಿಸುತ್ತದೆ. ೧೯೩೦ರಲ್ಲಿ ಅಲ್ಲಿಯ ಜನರೆಲ್ಲ ದ್ವೀಪವನ್ನು ತೊರೆದರು. ೧೯೩೨ರಲ್ಲಿ ಸೋಯ್ ದ್ವೀಪದಿಂದ ೧೦೭ ಕುರಿಗಳನ್ನು ಹಿರ್ಟ ಎಂಬ ದೊಡ್ಡ ದ್ವೀಪಕ್ಕೆ ಸಾಗಿಸಿ ಬಿಡಲಾಯಿತು. ಅಂದಿನಿಂದ ಅವು ಕುರುಬನಿಲ್ಲದೆ, ಕತ್ತರಿಯಿಲ್ಲದೆ ಬಾಳುತ್ತಿವೆ. ಆದರೆ ಕಠಿನವಾದ ಚಳಿಗಾಲಗಳಲ್ಲಿ ಹಿಂಡಿನ ಬಹುಭಾಗ ಹಸಿವಿನಿಂದ ಸಾಯುವುದೂ ಉಂಟು. ಸಂಪೂರ್ಣವಾಗಿ ಆರೈಕೆಯಿಲ್ಲದ ಕುರಿ ಎಂದರೆ ಏನೆಂಬುದನ್ನು ಈ ದ್ವೀಪವು ತೋರಿಸುತ್ತದೆ.

೩

ಈ ವಿಷಯದಲ್ಲಿ ಹೆಚ್ಚು ಬೋಧಪ್ರದವಾದುದು ದಕ್ಷಿಣ ಇಂಗ್ಲೆಂಡಿನ ವಿಲ್ಟ್‌ಷೈರ್ ಹಾರ್ನ್ ಎಂಬ ತಳಿಯ ವೃತ್ತಾಂತ. ಹದಿನೆಂಟನೆಯ ಶತಮಾನದಲ್ಲಿ ಆ ಸೀಮೆಯ ಸುಣ್ಣಗಲ್ಲಿನ ದಿಣ್ಣೆಗಳ ಮೇಲೆ ಕುರಿಯನ್ನು ಸಾಕುತ್ತಿದ್ದುದರ ಮುಖ್ಯೋದ್ದೇಶ ಉಣ್ಣೆಯೂ ಅಲ್ಲ, ಮಾಂಸವೂ ಅಲ್ಲ, ಹಿಕ್ಕೆ. ಹಗಲೆಲ್ಲ ದಿಣ್ಣೆಯ ಹುಲ್ಲು ಮೇಯ್ದ ಮಂದೆಯನ್ನು ಇರುಳು ಗೋಧಿಯ ಹೊಲಕ್ಕಿಳಿಸಿ, ತಡಿಕೆಗಳ ನಡುವೆ ಕೂಡಿಹಾಕುತ್ತಿದ್ದರು. ಲಾಂಗ್‌ಲೀಟ್ ಜಹಗೀರಿನ ಮೇಲ್ವಿಚಾರಕನಾಗಿದ್ದ ಥಾಮಸ್ ಡೇವಿಸನು ೧೭೯೪ರಲ್ಲಿ ವಿಲ್ಟ್‌ಷೈರಿನ ಬೇಸಾಯವನ್ನು ಕುರಿತು ಬರೆದ ವರದಿಯಲ್ಲಿ ಮಂದೆಯ ಗೊಬ್ಬರಕ್ಕೆ ಅಗ್ರಸ್ಥಾನವನ್ನು ಕೊಟ್ಟಿದ್ದಾನೆ. ಆ ಕೆಲಸಕ್ಕೆ ಬೇಕಾಗಿದ್ದುದು ಉದ್ದ ಕಾಲಿನ, ದಿನವೂ ದೂರ ನಡೆಯಬಲ್ಲ, ಒರಟು ಮೇವಿನಲ್ಲಿ ತೃಪ್ತವಾಗುವ ಕುರಿ. ವಿಲ್ಟ್‌ಷೈರಿನ ಕುರಿ ಅಂಥದು. ಅದರ ಉಣ್ಣೆ ತೆಳುವಾಗಿತ್ತು. ಹೊಟ್ಟೆಯ ಭಾಗವಂತೂ ಬೋಳಾಗಿಯೇ ಇರುತ್ತಿತ್ತು.

ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಲ್ಲಿ ಸೌತ್‌ಡೌನ್ ಎಂಬ ಗಿಡ್ಡ ಕಾಲಿನ, ಉತ್ತಮ ಉಣ್ಣೆಯ, ಬೇಗ ಕೊಬ್ಬುವ ತಳಿ ಪ್ರಸಿದ್ಧಿಗೆ ಬಂದಿತು. ಭೂಮಾಲೀಕರೂ ದೊಡ್ಡ ರೈತರೂ ಅದರ ಕಡೆಗೆ ತಿರುಗಿದರು. ಕೆಲವೇ ದಶಕಗಳಲ್ಲಿ ವಿಲ್ಟ್‌ಷೈರಿನ ಹಳೆಯ ಕುರಿ ತನ್ನ ತವರಿನಿಂದಲೇ ಬಹುಮಟ್ಟಿಗೆ ಮಾಯವಾಯಿತು. ನಾರ್ಥಾಂಪ್ಟನ್‌ಷೈರ್, ಬಕಿಂಗ್‌ಹ್ಯಾಂಷೈರ್ ಸೀಮೆಗಳ ಮತ್ತು ವೇಲ್ಸಿನ ಆಂಗ್ಲೆಸಿ ದ್ವೀಪದ ಕೆಲವರು ಮಾತ್ರ, ಬೇರೆ ತಳಿಯ ಹೆಣ್ಣು ಕುರಿಗಳಿಗೆ ಈ ಟಗರು ಬಿಟ್ಟರೆ ಮರಿಗಳು ಚೆನ್ನಾಗಿ ಬೆಳೆಯುತ್ತವೆಂಬ ಕಾರಣದಿಂದ, ಇದನ್ನು ಉಳಿಸಿಕೊಂಡರು. ಅವರಿಗೆ ಉಣ್ಣೆ ಬೇಕಿರಲಿಲ್ಲ. ಆದ್ದರಿಂದ ಅವರ ಕೈಯಲ್ಲಿ ತೆಳುವಾಗಿದ್ದ ಉಣ್ಣೆ ಇನ್ನಷ್ಟು ಕುಗ್ಗಿ, ವಸಂತದಲ್ಲಿ ತಾನಾಗಿ ಉದುರುವ ಸ್ವಭಾವ ತಳಿಯಲ್ಲಿ ನೆಲೆನಿಂತಿತು. ೧೯೨೩ರಲ್ಲಿ ಈ ತಳಿಯ ರಕ್ಷಣೆಗೆ ಒಂದು ಸಂಘವೇ ಸ್ಥಾಪಿತವಾಯಿತು. ಆ ಸಂಘದವರಿಗೆ ತಾವು ಉಳಿಸುತ್ತಿರುವ ಹಳೆಯ ಕುರಿಯು ಮುಂದೆ ಯಾವ ಪ್ರಯೋಜನಕ್ಕೆ ಒದಗುವುದೆಂಬುದು ತಿಳಿದಿರಲು ಸಾಧ್ಯವಿರಲಿಲ್ಲ.

ಅದು ಒದಗಿದ್ದು ಸುಮಾರು ನಾಲ್ಕು ದಶಕಗಳ ಅನಂತರ. ೧೯೬೦ರ ದಶಕದಲ್ಲಿ ಆಂಗ್ಲೆಸಿಯ ಈಓಲೊ ಓವೆನ್ ಎಂಬ ರೈತನು ವಿಲ್ಟ್‌ಷೈರ್ ಹಾರ್ನ್ ಕುರಿಯನ್ನು ವೇಲ್ಸಿನ ಬೆಟ್ಟದ ಕುರಿಯೊಡನೆ ಕೂಡಿಸಿ, ಕತ್ತರಿಸುವ ಗೋಜಿಲ್ಲದ, ತಾನಾಗಿ ಮರಿ ಹಾಕಬಲ್ಲ ಕುರಿಯನ್ನು ಸಾಧಿಸಲು ಹೊರಟನು. 'ಈಜಿಕೇರ್', ಎಂದರೆ ಸುಲಭ ಆರೈಕೆ, ಎಂಬ ಹೆಸರೇ ಆ ತಳಿಯ ಉದ್ದೇಶವನ್ನು ಸಾರುತ್ತದೆ. ಎಲ್ಲರೂ ಕೈಬಿಟ್ಟಿದ್ದ ತಳಿಯೊಂದರ ಉಳಿಕೆಯಿಂದ ಹೊಸ ಕಾಲಕ್ಕೆ ಬೇಕಾದ ತಳಿ ಹುಟ್ಟಿತು.

೪

ಇದೇ ಅವಧಿಯಲ್ಲಿ ಅಟ್ಲಾಂಟಿಕ್ ಸಾಗರದ ಆಚೆಯ ದಡದಲ್ಲಿಯೂ ಇಂಥ ಯತ್ನವೊಂದು ನಡೆಯಿತು. ಅದರ ಬೇರು ಕೆರಿಬಿಯನ್ ದ್ವೀಪಗಳಲ್ಲಿದೆ. ಹದಿನೇಳನೆಯ ಶತಮಾನದಲ್ಲಿ ಗುಲಾಮರ ವ್ಯಾಪಾರದ ಹಡಗುಗಳು ಸಂಚರಿಸುತ್ತಿದ್ದ ಕಾಲಕ್ಕೆ ಪಶ್ಚಿಮ ಆಫ್ರಿಕದ ಕೂದಲ ಕುರಿಗಳೂ ಆ ದ್ವೀಪಗಳನ್ನು ಸೇರಿದುವು. ಬಾರ್ಬಡೋಸ್ ದ್ವೀಪದ ಚರಿತ್ರೆಯನ್ನು ೧೬೫೭ರಲ್ಲಿ ಪ್ರಕಟಿಸಿದ ರಿಚರ್ಡ್ ಲಿಗನ್, ಉಣ್ಣೆಯ ಬದಲು ಕೂದಲುಳ್ಳ, ನೋಟಕ್ಕೆ ಆಡಿನಂತಿರುವ ಕುರಿಗಳನ್ನು ಅಲ್ಲಿ ಕಂಡುದಾಗಿ ಬರೆದಿದ್ದಾನೆ. ಯುರೋಪಿನ ಕುರಿಗಳ ರಕ್ತವೂ ಅವುಗಳಲ್ಲಿ ಬೆರೆಯಿತು. ಉಷ್ಣವಲಯದ ತೇವಭರಿತ ಹುಲ್ಲುಗಾವಲಿನಲ್ಲಿ ಜಠರದ ರಕ್ತ ಹೀರುವ ಹುಳುಗಳ ಹಾವಳಿ ವಿಪರೀತ. ಶತಮಾನಗಳ ಕಾಲ ಆ ಹಾವಳಿಯನ್ನೆದುರಿಸಿ ಉಳಿದ ಬಾರ್ಬಡೋಸ್ ಮತ್ತು ಸೇಂಟ್ ಕ್ರೋಯ್ ದ್ವೀಪಗಳ ಕುರಿಗಳು ಈ ಹುಳುಗಳನ್ನು ತಡೆದುಕೊಳ್ಳುವುದರಲ್ಲಿ ಯುರೋಪಿನ ಉಣ್ಣೆಯ ಕುರಿಗಳಿಗಿಂತ ಮೇಲೆನಿಸಿವೆ.

ಅಮೆರಿಕದ ಈಶಾನ್ಯ ಮೂಲೆಯ ಮೇನ್ ಸಂಸ್ಥಾನದಲ್ಲಿದ್ದ ಮೈಕೆಲ್ ಪೀಲ್ ಎಂಬಾತನು ೧೯೫೭ರಲ್ಲಿ ಸೇಂಟ್ ಕ್ರೋಯ್ ದ್ವೀಪದಿಂದ ಇಂಥ ಮೂರು ಕುರಿಗಳನ್ನು ತರಿಸಿಕೊಂಡನು. ವಿದ್ಯುತ್ ತಂತಿಗಳು ಹಾದುಹೋಗುವ ದಾರಿಗಳಲ್ಲಿ ಬೆಳೆಯುವ ಪೊದೆಯನ್ನು ಯಂತ್ರದಿಂದಲೂ ವಿಷದಿಂದಲೂ ಸವರುವುದಕ್ಕೆ ಬದಲಾಗಿ ಕುರಿಯಿಂದ ಮೇಯಿಸಬಹುದಲ್ಲವೆ ಎಂಬುದು ಅವನ ಆಲೋಚನೆಗಳಲ್ಲೊಂದು. ಉಣ್ಣೆ ಅವನ ಪಾಲಿಗೆ ವ್ಯರ್ಥವಾದ ಹೊರೆ. ಕೂದಲ ಕುರಿಗಳನ್ನು ಅವನು ಸಫಕ್ ಮೊದಲಾದ ಉಣ್ಣೆಯ ತಳಿಗಳೊಡನೆ ಕೂಡಿಸುತ್ತ, ಪ್ರತಿ ತಲೆಮಾರಿನಲ್ಲಿಯೂ ಉಣ್ಣೆ ಉದುರಿಸುವವನ್ನೂ, ಮೈಕಟ್ಟು, ಫಲವತ್ತತೆಗಳಲ್ಲಿ ಮುಂದಾದವನ್ನೂ ಆರಿಸಿಕೊಂಡನು. ಇಪ್ಪತ್ತು ವರ್ಷಗಳ ಈ ಸಾಧನೆಯ ಫಲವಾದ ತಳಿಗೆ ಮೇನ್ ಸಂಸ್ಥಾನದ ಪರ್ವತದ ಹೆಸರಿನಿಂದ ಕಟಾಡಿನ್ ಎಂದು ನಾಮಕರಣವಾಯಿತು. ೧೯೭೦ರ ದಶಕದ ಮಧ್ಯದಲ್ಲಿ ದೇಹದ ಗಾತ್ರವನ್ನು ಹೆಚ್ಚಿಸಲು ಅವನು ಆರಿಸಿಕೊಂಡ ತಳಿ ವಿಲ್ಟ್‌ಷೈರ್ ಹಾರ್ನ್. ೧೭೯೪ರ ಡೇವಿಸನ ವರದಿಯ ಕುರಿ ಹೀಗೆ ಎರಡನೆಯ ಬಾರಿ ಹೊಸ ತಳಿಯೊಂದಕ್ಕೆ ರಕ್ತವನ್ನು ದಾನಮಾಡಿತು.

ದಕ್ಷಿಣ ಆಫ್ರಿಕದಲ್ಲಿ ನಡೆದ ಪ್ರಯತ್ನ ಸರಕಾರದ ನೆರವಿನದು. ೧೯೩೦ರ ದಶಕದಲ್ಲಿ ಅಲ್ಲಿಯ ಒಣಸೀಮೆಗೆ ತಕ್ಕ ಮಾಂಸದ ಕುರಿಯನ್ನು ಪಡೆಯಲು, ಇಂಗ್ಲೆಂಡಿನ ಡಾರ್ಸೆಟ್ ಹಾರ್ನ್ ಟಗರನ್ನು ಕಪ್ಪು ತಲೆಯ ಪರ್ಷಿಯನ್ ಎಂಬ ಕೂದಲ ಕುರಿಯೊಡನೆ ಕೂಡಿಸಿದರು. ಎರಡು ಹೆಸರುಗಳ ಮೊದಲ ಅಕ್ಷರಗಳು ಸೇರಿ ಡಾರ್ಪರ್ ಎಂಬ ಹೆಸರಾಯಿತು; ೧೯೫೦ರಲ್ಲಿ ಅದರ ಸಾಕಣೆಗಾರರ ಸಂಘ ಸ್ಥಾಪಿತವಾಯಿತು.

ಈ ಮೂರೂ ತಳಿಗಳು ಪರಸ್ಪರ ಭಿನ್ನವಾದವು. ವೇಲ್ಸಿನದು ಮಳೆಯ ಬೆಟ್ಟಕ್ಕೆ, ಮೇನಿನದು ಹಿಮದ ಚಳಿಗೆ, ಆಫ್ರಿಕದ್ದು ಒಣನೆಲಕ್ಕೆ ರೂಪುಗೊಂಡವು. ಮೂವರೂ ತಮ್ಮ ನೆಲದ ಕಷ್ಟವನ್ನು ಮೊದಲು ಗುರುತಿಸಿ, ಅನಂತರ ಕುರಿಯನ್ನು ಅರಸಿದರು. ಮೂವರಿಗೂ ಕಾಲ ಹಿಡಿಯಿತು. ಉಣ್ಣೆಯ ಕುರಿಗೆ ಉಣ್ಣೆ ಉದುರಿಸುವ ಟಗರನ್ನು ಬಿಟ್ಟರೆ ಮೊದಲ ತಲೆಮಾರಿನ ಮರಿಗಳು ಅರೆಬರೆ ಉದುರಿಸಿ, ಬೆನ್ನ ಮೇಲೆ ಜಡೆಗಟ್ಟಿದ ತೇಪೆಗಳನ್ನು ಹೊತ್ತು ತಿರುಗುವುದುಂಟು. ಮೂರು ನಾಲ್ಕು ತಲೆಮಾರು ಆರಿಸುತ್ತ ಬಂದರೆ ಮಾತ್ರ ಹಿಂಡು ಹದಕ್ಕೆ ಬರುತ್ತದೆ.

೫

ಇನ್ನು ದಖ್ಖನ್ ಪ್ರಸ್ಥಭೂಮಿಯ ಸ್ಥಿತಿಯನ್ನು ಪರಿಶೀಲಿಸಬಹುದು. ಇಲ್ಲಿ ವಿಲ್ಟ್‌ಷೈರಿನಂತೆ ವಸಂತಕ್ಕೆ ಉಣ್ಣೆ ಉದುರಿಸುವ ಪ್ರಸಿದ್ಧ ತಳಿಯಿಲ್ಲ; ಇರುವವು ಎರಡು ಬಗೆ. ಮಹಾರಾಷ್ಟ್ರ, ಉತ್ತರ ಕರ್ನಾಟಕ, ತೆಲಂಗಾಣಗಳ ಒಣನೆಲದಲ್ಲಿ ಹರಡಿರುವ ದಖ್ಖನಿ ಮತ್ತು ಅದರ ನೆಂಟನಾದ ಬಳ್ಳಾರಿ ಕುರಿಗಳದು ಒರಟಾದ, ಬಹುಮಟ್ಟಿಗೆ ಕಪ್ಪಾದ ಉಣ್ಣೆ. ನೆಲ್ಲೂರು ಕುರಿ, ಮಳವಳ್ಳಿ ಸೀಮೆಯ ಬನ್ನೂರು ಅಥವಾ ಮಂಡ್ಯದ ಕುರಿ ಇವು ಕತ್ತರಿಯ ಅಗತ್ಯವಿಲ್ಲದ ಕೂದಲ ಕುರಿಗಳು. ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ, ಕನ್ನಡ ಮಾತಾಡುವ ಗಡಿನಾಡಿನ ಮಾಡಗ್ಯಾಳ ಗ್ರಾಮದ ಹೆಸರಿನಿಂದ ಪ್ರಸಿದ್ಧವಾದ, ಎತ್ತರದ ನಿಲುವಿನ, ಬಾಗಿದ ಮೂಗಿನ ಮಾಡಗ್ಯಾಳ ಕುರಿಯೂ ಉಣ್ಣೆಗಾಗಿ ಸಾಕುವಂಥದಲ್ಲ.

ದಖ್ಖನಿ ಕುರಿಯೊಂದು ವರ್ಷಕ್ಕೆ ಕೊಡುವ ಉಣ್ಣೆ ಒಂದು ಕಿಲೋಗ್ರಾಮನ್ನೂ ಮುಟ್ಟುವುದಿಲ್ಲ. ಆದರೂ ಆ ಉಣ್ಣೆಯ ಸುತ್ತ ಒಂದು ಸಂಸ್ಕೃತಿಯೇ ಬೆಳೆದಿತ್ತು. ಬಣ್ಣ ಹಾಕುವ ಅಗತ್ಯವಿಲ್ಲದ ಆ ಕಪ್ಪು ಉಣ್ಣೆಯನ್ನು ನೂತು, ಹಾಸಿಗೆ ಹುಣಿಸೆ ಬೀಜದ ಗಂಜಿಯನ್ನು ಬಳಿದು ನೇಯ್ದ ಕಂಬಳಿ ಮಳೆಗೆ ಗೊಪ್ಪೆ, ಚಳಿಗೆ ಹೊದಿಕೆ, ಹೊಲದಲ್ಲಿ ಹಾಸಿಗೆ, ಬೀರದೇವರ ಪೂಜೆಯಲ್ಲಿ ಗದ್ದುಗೆ. ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಗಳು ಕಂಬಳಿಯಿಂದಲೇ ಹೆಸರಾದುವು. ತೆಲಂಗಾಣದ ಕುರುಮರು ನೇಯುವ ಗೊಂಗಡಿಯೂ ಇದರ ಒಡಹುಟ್ಟೇ. ಕುರುಬರಲ್ಲಿ ಮದುವೆಯ ಕಾಲಕ್ಕೆ ಕಟ್ಟುವ ಕಂಕಣದ ನೂಲಿನಿಂದ ಉಣ್ಣೆ ಕಂಕಣದವರು, ಹತ್ತಿ ಕಂಕಣದವರು ಎಂಬ ಎರಡು ಒಳಪಂಗಡಗಳೇ ಏರ್ಪಟ್ಟಿರುವುದು, ಉಣ್ಣೆಯು ಜನಜೀವನದಲ್ಲಿ ಎಷ್ಟು ಆಳಕ್ಕಿಳಿದಿತ್ತೆಂಬುದಕ್ಕೆ ನಿದರ್ಶನ. ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಕುರಿ ಸಾಕಿ ಕಂಬಳಿ ನೇಯುವ ಕುರುಬರನ್ನು ಕುರಿತು ಬರೆದಿದ್ದಾನೆ.

ಉಣ್ಣೆಗಿಂತ ಮಿಗಿಲಾದ ಆದಾಯವೂ ಇತ್ತು. ಸುಗ್ಗಿಯಾದ ಮೇಲೆ ರೈತನು ತನ್ನ ಹೊಲದಲ್ಲಿ ಕುರಿ ತರುಬಿಸಿ, ಹಿಕ್ಕೆಯ ಗೊಬ್ಬರಕ್ಕೆ ಪ್ರತಿಯಾಗಿ ಕುರುಬನಿಗೆ ಕಾಳನ್ನೋ ಹಣವನ್ನೋ ಕೊಡುವ ಪದ್ಧತಿ ದಖ್ಖನಿನಲ್ಲಿ ಇಂದಿಗೂ ಅಳಿದಿಲ್ಲ. ವಿಲ್ಟ್‌ಷೈರಿನ ದಿಣ್ಣೆಗಳಲ್ಲಿ ಕಂಡುದೇ ಇಲ್ಲಿಯೂ ಕಾಣುತ್ತದೆ: ನಡೆಯಬಲ್ಲ, ಒರಟು ಮೇವಿನಲ್ಲಿ ಬದುಕಬಲ್ಲ, ಮಂದೆಯಾಗಿ ಬಯಲಲ್ಲಿ ಇರುಳು ಕಳೆಯಬಲ್ಲ ಕುರಿ. ಮಳೆಗಾಳಿಗೆ ಮೈಯೊಡ್ಡಿ ಬಯಲಿನಲ್ಲಿ ಮಲಗುವ ಪ್ರಾಣಿಗೆ ಅದರ ಒರಟು ಉಣ್ಣೆಯೇ ಕಂಬಳಿ. ಆ ಬದುಕಿನಲ್ಲಿ ಕಡಿಮೆ ಆರೈಕೆಯ ಕುರಿಯೆಂದರೆ ದಖ್ಖನಿಯೇ ಆಗಿತ್ತು.

ಈ ಕುರಿಯನ್ನು 'ಸುಧಾರಿಸುವ' ಯತ್ನಗಳು ಬಹುಕಾಲ ನೂಲನ್ನೇ ಕಂಡುವು, ಕುರಿಯ ಬದುಕನ್ನು ಕಾಣಲಿಲ್ಲ. ೧೮೩೪ರಿಂದ ೧೮೬೧ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನ ಆಡಳಿತದಲ್ಲಿ ಮೆರಿನೊ ಕುರಿಗಳನ್ನು ತರಿಸಲಾಯಿತು. ಹಳ್ಳಿಯ ಮಂದೆಗಳಲ್ಲಿ ಅವುಗಳ ಗುರುತು ನಿಲ್ಲಲಿಲ್ಲ. ಸ್ವಾತಂತ್ರ್ಯಾನಂತರ ೧೯೬೨ರಲ್ಲಿ ರಾಜಸ್ಥಾನದಲ್ಲಿ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನ ಸಂಸ್ಥೆ ಸ್ಥಾಪಿತವಾಯಿತು. ಮೆರಿನೊ, ರಾಂಬುಲೆ ತಳಿಗಳೊಡನೆ ದೇಶೀ ಕುರಿಗಳನ್ನು ಕೂಡಿಸುವ ಕಾರ್ಯ ಹಲವೆಡೆ ನಡೆಯಿತು. ಕಂಬಳಿಯ ಮಗ್ಗಕ್ಕೆ ಬೇಕಾಗಿದ್ದುದು ಒರಟಾದ ಕಪ್ಪು ಉಣ್ಣೆ. ಈ ಯತ್ನಗಳು ಅರಸಿದ್ದು ನಯವಾದ ಬಿಳಿಯ ಉಣ್ಣೆಯನ್ನು. ಅಷ್ಟರಲ್ಲಿ ಕೃತಕ ನೂಲಿನ ಅಗ್ಗದ ಹೊದಿಕೆಗಳು ಪೇಟೆಯನ್ನು ತುಂಬಿ ಕಂಬಳಿಯ ಬೇಡಿಕೆ ಕುಗ್ಗಿತು. ಉಣ್ಣೆಯನ್ನು ಕತ್ತರಿಸಿ ಬೇಲಿಯ ಬದಿಗೆ ಎಸೆಯುವ ದಿನ ಬಂದಿತು. ಮಾಂಸದ ಬೆಲೆ ಮಾತ್ರ ಏರುತ್ತಲೇ ಹೋಯಿತು.

ಇದರಿಂದ ಕುರಿಗಾರರು ಕೂದಲ ಟಗರುಗಳ ಕಡೆಗೆ ತಿರುಗಿದುದು ಅವಿವೇಕವೆನ್ನಲಾಗದು. ಎತ್ತರವಾದ ನೆಲ್ಲೂರು ಟಗರಿನ ಮರಿ ಬೇಗ ತೂಗುತ್ತದೆ. ಕತ್ತರಿಯ ಕೂಲಿಯೂ ಉಳಿಯುತ್ತದೆ. ಸರಕಾರಿ ಯೋಜನೆಗಳೂ ಈ ಒಲವನ್ನು ಬಲಪಡಿಸಿದುವು. ತೆಲಂಗಾಣ ಸರಕಾರವು ೨೦೧೭ರಲ್ಲಿ ಆರಂಭಿಸಿದ ಯೋಜನೆಯಲ್ಲಿ, ಕುರಿಗಾರ ಕುಟುಂಬವೊಂದಕ್ಕೆ ೨೦ ಹೆಣ್ಣು ಕುರಿ ಮತ್ತು ಒಂದು ಟಗರಿನ ಹಿಂಡನ್ನು ಶೇಕಡಾ ೭೫ರಷ್ಟು ಸಹಾಯಧನದೊಂದಿಗೆ ಕೊಡಲಾಯಿತು. ನೆರೆರಾಜ್ಯಗಳಿಂದ ಕೊಂಡುತಂದ ಈ ಕುರಿಗಳಲ್ಲಿ ಹೆಚ್ಚಿನವು ಕೂದಲ ಕುರಿಗಳೇ. ಇಪ್ಪತ್ತೊಂದು ಕುರಿಗಳ ಹಿಂಡು ಎಂಬುದು ಚಿಕ್ಕ ಹಿಂಡಿನ ಪ್ರಶ್ನೆಯೇ. ಅದು ಲಕ್ಷಾಂತರ ಕುಟುಂಬಗಳ ಮುಂದೆ ಒಮ್ಮೆಲೇ ಬಂದು ನಿಂತಿತು; ಆದರೆ ತಳಿಯ ಆಯ್ಕೆ ಬಹುಮಟ್ಟಿಗೆ ಕುರಿಗಾರನ ಕೈಯಲ್ಲಿರಲಿಲ್ಲ.

೬

ಮೇಲಿನ ವೃತ್ತಾಂತಗಳನ್ನು ಒಟ್ಟಾಗಿ ನೋಡಿದಾಗ, ಚಿಕ್ಕ ಹಿಂಡಿಗೆ ತಳಿಯನ್ನು ಆರಿಸುವವನು ಗಮನಿಸಬೇಕಾದ ಕೆಲವು ಅಂಶಗಳು ತಾವಾಗಿಯೇ ಹೊರಪಡುತ್ತವೆ. ಮೊದಲನೆಯದು, ಕುರಿ ಇರುಳನ್ನು ಎಲ್ಲಿ ಕಳೆಯುತ್ತದೆಂಬುದು. ಮನೆಯ ಬಳಿಯ ಕೊಟ್ಟಿಗೆಯಲ್ಲಿ ಮಲಗಿ, ಕಟ್ಟಿಹಾಕಿದ ಕಡೆ ಮೇವು ತಿನ್ನುವ ಐದಾರು ಕುರಿಗಳಿಗೆ ಉಣ್ಣೆಯ ರಕ್ಷೆ ಬೇಕಿಲ್ಲ. ಅಂಥಲ್ಲಿ ಗಿಡ್ಡ ಕಾಲಿನ, ಮೈತುಂಬಿದ ಬನ್ನೂರು ಕುರಿ ಸಲ್ಲುತ್ತದೆ. ಮಳೆಗಾಲವಿಡೀ ಬಯಲಲ್ಲಿ ಅಲೆಯುವ ಮಂದೆಗೆ ಲೆಕ್ಕವೇ ಬೇರೆ. ಎರಡನೆಯದು, ಮೇವು. ದೊಡ್ಡ ಮೈಗೆ ದೊಡ್ಡ ಹೊಟ್ಟೆ. ಬರಗಾಲದಲ್ಲಿ ಕೂಳೆ, ಜಾಲಿಕಾಯಿಗಳಿಂದ ದಿನ ದೂಡಬೇಕಾದ ಸೀಮೆಯಲ್ಲಿ, ಕತ್ತರಿಯಲ್ಲಿ ಉಳಿದ ಹಣ ಮೇವಿನಲ್ಲಿ ಹೋಗಬಹುದು. ಮೂರನೆಯದು, ರೋಗ. ಕೆರಿಬಿಯನ್ ಕುರಿಗೆ ಹುಳುವನ್ನು ತಡೆವ ಶಕ್ತಿ ಬಂದದ್ದು ಕೂದಲಿನಿಂದಲ್ಲ, ಶತಮಾನಗಳ ಕಾಲ ಆ ಹುಳುವಿನ ನಡುವೆ ಬಾಳಿದ್ದರಿಂದ. ಉಣ್ಣೆಯಿಲ್ಲದ ಮಾತ್ರಕ್ಕೆ ಎಲ್ಲ ಕುರಿಯೂ ಗಟ್ಟಿಯೆಂದು ಭಾವಿಸುವುದು ತಪ್ಪು.

ನಾಲ್ಕನೆಯದು ಕುರಿಗಾರನೊಬ್ಬನಿಗೆ ಮಾತ್ರ ಸಂಬಂಧಿಸಿದ್ದಲ್ಲ. ಒಂದು ತಳಿಯ ಮೇಲೆ ಇನ್ನೊಂದರ ಟಗರನ್ನು ಬಿಡುತ್ತ ಹೋದರೆ ಕೆಲವು ತಲೆಮಾರುಗಳಲ್ಲಿ ಮೊದಲಿನ ತಳಿ ಹೇಳಹೆಸರಿಲ್ಲದಂತೆ ಕರಗಿಹೋಗುತ್ತದೆ. ವಿಲ್ಟ್‌ಷೈರಿನ ಕುರಿಗೆ ಆಂಗ್ಲೆಸಿಯಂಥ ಆಶ್ರಯಗಳು ದೊರೆಯದೆ ಹೋಗಿದ್ದರೆ ಓವೆನ್ನನಿಗೂ ಪೀಲನಿಗೂ ಆ ಟಗರು ಸಿಗುತ್ತಿರಲಿಲ್ಲ. ದಖ್ಖನಿಯ ಗುಣಗಳನ್ನು ಉಳಿಸಿಕೊಂಡೇ ಆದಾಯವನ್ನು ಹೆಚ್ಚಿಸುವ ದಾರಿಯೂ ಇಲ್ಲದಿಲ್ಲ. ಸಾತಾರಾ ಜಿಲ್ಲೆಯ ಫಲಟಣದ ನಿಂಬಕರ್ ಕೃಷಿ ಸಂಶೋಧನ ಸಂಸ್ಥೆಯು, ಅವಳಿ ಮರಿಗಳನ್ನು ಈಯುವ ಗುಣವನ್ನು ಸುಂದರಬನದ ಪುಟ್ಟ ಗರೋಲ್ ಕುರಿಯಿಂದ ಪಡೆದು ದಖ್ಖನಿಯಲ್ಲಿ ನೆಲೆಗೊಳಿಸಿ 'ನಾರಿ ಸುವರ್ಣ' ಎಂಬ ತಳಿಯನ್ನು ರೂಪಿಸಿತು. ಅಲ್ಲಿಯೂ ಬುನಾದಿಯಾಗಿ ಬೇಕಾದುದು ದಖ್ಖನಿಯೇ.

ಹೀಗೆ, ಉಣ್ಣೆ ಕಳಚುವ ಅಥವಾ ಉಣ್ಣೆಯೇ ಇಲ್ಲದ ಕುರಿಯನ್ನು ಚಿಕ್ಕ ಹಿಂಡಿನವನು ಬಯಸುವುದು ನ್ಯಾಯವಾದುದು; ಕತ್ತರಿಸಿದ ಉಣ್ಣೆಗೆ ಕೂಲಿಯಷ್ಟೂ ಬೆಲೆಯಿಲ್ಲದಾಗ ಅವನಿಗೆ ಬೇರೆ ಉಪದೇಶ ಮಾಡುವುದು ಸಲ್ಲದು. ಆದರೆ ನೂರಾರು ವರ್ಷ ಬರವನ್ನೂ ಮಳೆಯನ್ನೂ ದಾಟಿಬಂದ ತಳಿಯನ್ನು ಕಾಯುವ ಹೊಣೆಯನ್ನು ಇಪ್ಪತ್ತು ಕುರಿಗಳ ಬಡ ಕುರಿಗಾರನೊಬ್ಬನ ಹೆಗಲಿಗೇ ಹೊರಿಸುವುದೂ ನ್ಯಾಯವಲ್ಲ. ಇಂಗ್ಲೆಂಡಿನಲ್ಲಿ ಆ ಹೊಣೆಯನ್ನು ೧೯೨೩ರಲ್ಲಿ ಒಂದು ಸಂಘ ಹೊತ್ತಿತು. ದಖ್ಖನಿನಲ್ಲಿ ಅದನ್ನು ಪಶುಸಂಗೋಪನ ಇಲಾಖೆಗಳೂ, ವಿಶ್ವವಿದ್ಯಾಲಯಗಳೂ, ಕಂಬಳಿಯನ್ನು ಇನ್ನೂ ಗದ್ದುಗೆಯಾಗಿ ಹಾಸುವ ಸಮಾಜವೂ ಕೂಡಿ ಹೊರಬೇಕಾಗಿದೆ. ಕಪ್ಪು ಉಣ್ಣೆಯ ಕೆಲವು ಮಂದೆಗಳಾದರೂ ಬೆರಕೆಯಿಲ್ಲದೆ ಉಳಿದರೆ, ಮುಂದಿನ ಕಾಲದ ಕುರಿಗಾರನಿಗೆ ಇಂದು ಊಹಿಸಲಾಗದ ಯಾವುದೋ ಅಗತ್ಯ ಒದಗಿದಾಗ ಆರಿಸಿಕೊಳ್ಳಲು ಒಂದು ತಳಿಯಾದರೂ ಇರುತ್ತದೆ.